ಹಳೆ ಔಟ್‌ಬೋರ್ಡ್ ಎಂಜಿನ್: "ಬರೀ 200 ತಾಸು ಓಡಿದೆ" ಅಂತಾರೆ, ನಂಬೋದಾ?

ಹಿನ್ನೀರು ಹುಡುಗ, ಬೀಳಗಿ
ಎಲ್ಲರಿಗೂ ನಮಸ್ಕಾರ. ನಮ್ಮದು ಆಲಮಟ್ಟಿ ಹಿನ್ನೀರಿನ ದಂಡೆ. ಮುಳುಗಡೆಯಲ್ಲಿ ಉಳಿದ ಮೂರು ಎಕರೆ ಹೊಲ ನೀರಿನ ಆ ಕಡೆ ಇದೆ. ರಸ್ತೆ ಹಿಡಿದರೆ ಸುತ್ತಿ ಬಳಸಿ 30 ಕಿಲೋಮೀಟರ್. ನೀರಿನ ಮೇಲೆ ಎರಡೂವರೆ. ಇಷ್ಟು ವರ್ಷ ಬೇರೆಯವರ ದೋಣಿ ಕಾದು ಕಾದು ಸಾಕಾಗಿದೆ. ಈ ಸಲ ನಾನು, ನಮ್ಮ ಕಾಕಾನ ಮಗ ಸೇರಿ ಸ್ವಂತದ್ದು ಒಂದು ತಗೊಳ್ಳೋಣ ಅಂತ ಇದ್ದೇವೆ. ಮೇವು, ಗೊಬ್ಬರ, ಆಳು ಸಾಗಿಸಲು. ಬಿಡುವಿದ್ದಾಗ ಮೀನು.

ಗೋವಾದಲ್ಲಿ ಒಬ್ಬರ ಹತ್ತಿರ 18 ಅಡಿ ಫೈಬರ್ ದೋಣಿ ಇದೆ. ಅದರ ಹಿಂಬದಿಗೆ ಹೊರಗಿಂದ ಕಟ್ಟುವ 25 ಎಚ್‌ಪಿ ಯಮಹಾ ಔಟ್‌ಬೋರ್ಡ್ ಎಂಜಿನ್, ಟೂ ಸ್ಟ್ರೋಕ್, ಎರಡು ಸಿಲಿಂಡರ್, ಹಗ್ಗ ಎಳೆದು ಸ್ಟಾರ್ಟ್ ಮಾಡುವುದು. ಎರಡೂ ಸೇರಿ 1 ಲಕ್ಷ 75 ಸಾವಿರ ಹೇಳಿದ್ದಾರೆ. "ಒಬ್ಬರೇ ಮಾಲೀಕರು, ಬರೀ 200 ತಾಸು ಓಡಿದೆ" ಎನ್ನುತ್ತಾರೆ. ಫೋಟೋದಲ್ಲಿ ಎಂಜಿನ್ ಮದುಮಗನ ಹಾಗೆ ಹೊಳೆಯುತ್ತಿದೆ. ಅದೇ ನನಗೆ ಅನುಮಾನ.

ಟ್ರ್ಯಾಕ್ಟರ್ ಆದರೆ ಸದ್ದು ಕೇಳಿಯೇ ಹೇಳಿಬಿಡುತ್ತೇನೆ. ಕಾರಿಗೆ ನಂಬರ್ ಹಾಕಿದರೆ ಮೊಬೈಲ್‌ನಲ್ಲೇ ಅದರ ಜಾತಕ ಬರುತ್ತದೆ. ಇದರ ಜಾತಕ ಎಲ್ಲಿ ನೋಡೋದು? ಭಾನುವಾರ ನೋಡಲು ಹೋಗುತ್ತಿದ್ದೇವೆ.

ಕುಂದಾಪ್ರಿಯ, ಬೆಳಗಾವಿ
200 ತಾಸು ಅಂದರೆ ಹೆಚ್ಚುಕಡಿಮೆ ಹೊಸದೇ. ಮೀಟರ್ ಫೋಟೋ ಕಳಿಸಲು ಹೇಳಿ, ತಾಳೆ ಆದರೆ ಬಿಡಬೇಡಿ.

ಟೂ ಸ್ಟ್ರೋಕ್ ಮಾಮಾ, ಬಾಗಲಕೋಟೆ
ಯಾವ ಮೀಟರ್ ರೀ? ಹಗ್ಗ ಎಳೆಯುವ ಕಾರ್ಬ್ಯುರೇಟರ್ ಎಂಜಿನ್‌ಗೆ ಮೀಟರ್ ಎಲ್ಲಿರುತ್ತದೆ? ಮಾಲೀಕ ಹೊರಗಿಂದ ಕೂರಿಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ 200 ತಾಸು ಬಾಯಿಂದ ಬಂದ ಲೆಕ್ಕ. ಇಂಜೆಕ್ಷನ್ ಇರುವ ಫೋರ್ ಸ್ಟ್ರೋಕ್‌ನಲ್ಲಾದರೆ ಕಂಪ್ಯೂಟರ್ ಇರುತ್ತದೆ. ಡೀಲರ್ ಕಡೆಯವರು ಕೇಬಲ್ ಹಾಕಿ ಲ್ಯಾಪ್‌ಟಾಪಿನಲ್ಲಿ ಓದುತ್ತಾರೆ. ಒಟ್ಟು ಎಷ್ಟು ತಾಸು, ಎಷ್ಟು ಆರ್‌ಪಿಎಂನಲ್ಲಿ ಎಷ್ಟು ತಾಸು, ಯಾವ ಫಾಲ್ಟ್ ಬಂದಿತ್ತು ಎಲ್ಲ ಸಿಗುತ್ತದೆ. ಅದರಲ್ಲೂ ಕಂಪ್ಯೂಟರ್ ಬದಲಿಸಿದ್ದರೆ ಲೆಕ್ಕ ಮೊದಲಿಂದ ಶುರು.

ಕುಂದಾಪ್ರಿಯ, ಬೆಳಗಾವಿ
ಸರಿ ಮಾಮಾ, ನಾನು ನೋಡಿದ್ದು ಫೋರ್ ಸ್ಟ್ರೋಕ್ ಮಾತ್ರ. ತಪ್ಪಾಯಿತು.

ಗುಮ್ಮಟದ ನೆರಳು, ವಿಜಯಪುರ
ಗೋವಾ ಎಂಜಿನ್ ಬೇಡವೇ ಬೇಡ. ಉಪ್ಪುನೀರು ಒಳಗಿಂದ ತಿಂದು ಹಾಕಿರುತ್ತದೆ. ನಮ್ಮ ಹೊಳೆಯಲ್ಲಿ ಓಡಿದ ಎಂಜಿನ್ ಹುಡುಕಿ. ಸಿಹಿನೀರು, ಚಿಂತೆಯಿಲ್ಲ.

ಕೊಲ್ಹಾರ ಕಟ್ಟೆ
ಸಿಹಿನೀರು ಅಂದರೆ ಸಕ್ಕರೆ ನೀರು ಅಂದುಕೊಂಡಿರಾ? ನಾನು ಕೊಲ್ಹಾರ ಸೇತುವೆ ಹತ್ತಿರ ಹತ್ತು ವರ್ಷದಿಂದ ದೋಣಿ ಓಡಿಸುತ್ತೇನೆ. ಮಳೆಗಾಲದಲ್ಲಿ ಕೃಷ್ಣೆಯ ನೀರು ಚಹಾ ಇದ್ದ ಹಾಗೆ ಇರುತ್ತದೆ. ಆ ರೇವೆ ಮಣ್ಣು ಎಂಜಿನ್ ತಣ್ಣಗಿಡುವ ನೀರಿನ ಪಂಪಿನ ಇಂಪೆಲ್ಲರ್‌ಗೆ ಉಪ್ಪುಕಾಗದ ತಿಕ್ಕಿದ ಹಾಗೆ. ರಬ್ಬರ್ ರೆಕ್ಕೆ ಸವೆದು ಸಣ್ಣಗಾಗುತ್ತದೆ, ಎಂಜಿನ್ ಕಾಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಬೇಸಿಗೆ. ನೀರು ಇಳಿದಾಗ ಮುಳುಗಿದ ಊರುಗಳ ಗೋಡೆ, ಬಾವಿಕಟ್ಟೆ, ಜಾಲಿ ಬೊಡ್ಡೆ ಎಲ್ಲ ಒಂದೆರಡು ಅಡಿ ಕೆಳಗೇ ಇರುತ್ತವೆ. ಮೇಲಿಂದ ಕಾಣುವುದಿಲ್ಲ. ನನ್ನ ಎಂಜಿನ್ನಿನ ಸ್ಕೆಗ್ ನೋಡಬೇಕು ನೀವು. ಅದೇ ಕೆಳಗಿನ ರೆಕ್ಕೆ. ಯಾರದೋ ಮನೆಯ ಪಡಸಾಲೆಗೆ ಬಡಿದು ಅರ್ಧ ಹೋಗಿದೆ. ಬಡಿತ ಜೋರಾಗಿದ್ದರೆ ಪ್ರೊಪೆಲ್ಲರ್ ಶಾಫ್ಟ್ ಕೂಡ ಬಾಗುತ್ತದೆ. ನ್ಯೂಟ್ರಲ್‌ನಲ್ಲಿಟ್ಟು ಪ್ರೊಪೆಲ್ಲರ್ ಕೈಯಿಂದ ತಿರುಗಿಸಿ. ಮಧ್ಯದ ತುದಿ ಕುಣಿದರೆ ಶಾಫ್ಟ್ ಬಾಗಿದೆ ಅಂತ ಲೆಕ್ಕ.

ಗುಮ್ಮಟದ ನೆರಳು, ವಿಜಯಪುರ
ಆದರೂ ಉಪ್ಪಿಗಿಂತ ಮಣ್ಣು ವಾಸಿ.

ಟೂ ಸ್ಟ್ರೋಕ್ ಮಾಮಾ, ಬಾಗಲಕೋಟೆ
ಉಪ್ಪುನೀರಲ್ಲಿ ಓಡಿಸಿ, ಪ್ರತಿ ದಿನ ಸಿಹಿನೀರಲ್ಲಿ ತೊಳೆದ ಎಂಜಿನ್ 15 ವರ್ಷ ಬಾಳಿದ್ದು ನೋಡಿದ್ದೇನೆ. ತೊಳೆಯದೆ ಬಿಟ್ಟದ್ದು ಮೂರು ವರ್ಷಕ್ಕೆ ಗುಜರಿ ಸೇರಿದ್ದೂ ನೋಡಿದ್ದೇನೆ. ಅದಕ್ಕೇ ಜಾಗ ಕೇಳುವುದಕ್ಕಿಂತ ಅಭ್ಯಾಸ ಕೇಳಬೇಕು. ಬೀಳಗಿ ತಮ್ಮಾ, ಪುರುಸೊತ್ತು ಮಾಡಿಕೊಂಡು ಓದು.

ಮೊದಲು, ಹೊರಡುವ ಹಿಂದಿನ ದಿನ ಫೋನ್ ಮಾಡಿ "ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಹೇಳು. ಹೋದ ಕೂಡಲೆ ಮುಚ್ಚಳ ತೆಗೆಸಿ ಸಿಲಿಂಡರ್ ಹೆಡ್ ಮೇಲೆ ಕೈ ಇಡು. ಬಿಸಿ ಇದ್ದರೆ ನಿನ್ನ ಮುಂದೆ ನಾಟಕ ನಡೆದಿದೆ. ಎಂಜಿನ್ನಿನ ಬಹಳಷ್ಟು ರೋಗ ತಣ್ಣಗಿರುವಾಗಲೇ ಕಾಣುವುದು.

ಮುಚ್ಚಳದ ಹೊಳಪು ನೋಡಬೇಡ, ಬೋಲ್ಟ್ ನೋಡು. ಹೆಡ್ ಬೋಲ್ಟ್‌ಗಳ ಮೂಲೆಯಲ್ಲಿ ಬಣ್ಣ ಕಿತ್ತಿದ್ದರೆ ಯಾರೋ ಬಿಚ್ಚಿದ್ದಾರೆ. ಬಿಚ್ಚಿದ್ದು ತಪ್ಪಲ್ಲ, ಆದರೆ ಯಾಕೆ ಅಂತ ಕೇಳು. "ಬಿಚ್ಚೇ ಇಲ್ಲ" ಅಂದರೆ ಮುಂದಿನ ಮಾತು ಯಾವುದನ್ನೂ ನಂಬಬೇಡ. ಹೆಡ್ ಸುತ್ತ ಬಣ್ಣ ಕಂದಾಗಿ ಗುಳ್ಳೆ ಎದ್ದಿದ್ದರೆ ಒಮ್ಮೆ ಚೆನ್ನಾಗಿ ಕಾದಿದೆ. ಒಂದೇ ಜಾಗದಲ್ಲಿ ಹೊಸ ಸ್ಪ್ರೇ ಬಣ್ಣ ಇದ್ದರೂ ಅದೇ ಅನುಮಾನ.

ಆಮೇಲೆ ಗೇರ್ ಆಯಿಲ್. ಗೇರ್ ಡಬ್ಬದ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ ನಾಲ್ಕು ಹನಿ ಬಿಳಿ ಕಾಗದದ ಮೇಲೆ ಬೀಳಿಸು. ಹಾಲು ಬೆರೆಸಿದ ಹಾಗಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಮೀನಿನ ನೂಲು ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡರೂ ಸೀಲ್ ಕೊಯ್ಯುತ್ತದೆ, ಅದು ಸಣ್ಣ ರಿಪೇರಿ. ಆದರೆ ಎಷ್ಟು ದಿನದಿಂದ ಹಾಗೆ ಓಡಿದೆ ಅನ್ನುವುದು ಮುಖ್ಯ. ಸ್ಕ್ರೂ ತುದಿಯಲ್ಲಿ ಬೂದಿಯಂಥ ನುಣ್ಣನೆ ಪುಡಿ ಇದ್ದರೆ ಪರವಾಗಿಲ್ಲ. ಚೂರು ಚೂರು ಲೋಹ ಸಿಕ್ಕರೆ ಮುಂದೆ ನೋಡದೆ ಎದ್ದು ಬಾ.

ಕೊನೆಗೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ. ಗೇಜ್ ಜೊತೆಗೆ ಒಯ್ಯಿ. ಎರಡೂ ಪ್ಲಗ್ ಬಿಚ್ಚು, ಇಗ್ನಿಷನ್ ಕಿಲ್ ಮಾಡು, ಥ್ರಾಟಲ್ ಪೂರ್ತಿ ತೆರೆ, ಐದಾರು ಸಲ ಜೋರಾಗಿ ಎಳೆ. ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 100ರ ಮೇಲೆ ಪಿಎಸ್‌ಐ ಬರಬೇಕು. ಆದರೆ ನಂಬರ್‌ಗಿಂತ ಅಂತರ ನೋಡು. ಎರಡರ ಮಧ್ಯೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು.

ಹಿನ್ನೀರು ಹುಡುಗ, ಬೀಳಗಿ
ಮಾಮಾ, ಸಾಷ್ಟಾಂಗ. ಇದನ್ನು ಪ್ರಿಂಟ್ ಹೊಡೆಸಿ ಒಯ್ಯುತ್ತೇನೆ. ಗೇಜ್ ನಮ್ಮ ಗ್ಯಾರೇಜ್ ಗೆಳೆಯನ ಹತ್ತಿರ ಇದೆ.

ಘಟಪ್ರಭೆ ಗಾಳಿ, ಗೋಕಾಕ
ಪ್ರಿಂಟ್ ತೆಗೆದು ಮಾರುವವನ ಮುಂದೆ ಹಿಡಿಯಬೇಡಿ ಮತ್ತೆ. ಬಾಯಿಪಾಠ ಮಾಡಿ.

ಜಮಖಂಡಿ ಜಟ್ಟಿ
ನನ್ನ ಕಥೆ ಕೇಳಿ. 2019ರ ಆಗಸ್ಟ್‌ನಲ್ಲಿ ಹೊಳೆ ಬಂತಲ್ಲ, ಆವಾಗ ನಾವು ಹುಡುಗರು ಸೇರಿ ನೀರಲ್ಲಿ ಸಿಕ್ಕಿಬಿದ್ದವರನ್ನು ಹೊರಗೆ ತಂದೆವು. ಬಾಡಿಗೆ ದೋಣಿ. ಅದು ಮುಗಿದ ಮೇಲೆ ನಮ್ಮದೇ ಒಂದು ಇರಲಿ ಅಂತ ಚಂದಾ ಎತ್ತಿ ಹಳೆ 15 ಎಚ್‌ಪಿ ಎಂಜಿನ್ ತಗೊಂಡೆವು. ಮಾರಿದವನ ಹೆಸರು ಬೇಡ. ಕಡಿಮೆ ಬೆಲೆ, ಚಲೋ ಸದ್ದು, ಒಂದೇ ಎಳೆತಕ್ಕೆ ಸ್ಟಾರ್ಟ್.

ಎಂಟು ತಾಸು ಓಡಿರಬೇಕು. ನಡು ನೀರಲ್ಲಿ ಕಟಕಟ ಸದ್ದು ಶುರುವಾಗಿ ಹಿಡಿದುಕೊಂಡಿತು. ಬಿಚ್ಚಿಸಿದರೆ ಕ್ರ್ಯಾಂಕ್ ಬೇರಿಂಗ್ ತುಕ್ಕು. ಫ್ಲೈವೀಲ್ ಕೆಳಗೆ ಒಣಗಿದ ಕೆಂಪು ಮಣ್ಣು. ಅದೇ ಪ್ರವಾಹದಲ್ಲಿ ಆ ಎಂಜಿನ್ ಮುಳುಗಿತ್ತು! ನಾವು ಯಾವ ನೀರಿಂದ ಜನರನ್ನು ಎತ್ತಿದೆವೋ ಅದೇ ನೀರು ಕುಡಿದ ಎಂಜಿನ್ ನಮಗೇ ಬಂತು.

ಕೊಲ್ಹಾರ ಕಟ್ಟೆ
ಮುಳುಗಿದ ಎಂಜಿನ್ ಎತ್ತಿದ ಮೇಲೆ ಕೆಲವೇ ತಾಸಿನಲ್ಲಿ ತೊಳೆದು, ನೀರು ಹೊರಹಾಕಿ, ಆಯಿಲ್ ಹಾಕಿ ಓಡಿಸಿಬಿಡಬೇಕು. ಟೂ ಸ್ಟ್ರೋಕ್‌ನಲ್ಲಿ ಬೇರಿಂಗ್ ಮೇಲೆ ಇರುವುದು ಪೆಟ್ರೋಲ್ ಜೊತೆ ಬಂದ ತೆಳು ಆಯಿಲ್ ಮಾತ್ರ. ಒಂದು ರಾತ್ರಿ ಗಾಳಿಗೆ ಬಿಟ್ಟರೂ ತುಕ್ಕು ಹಿಡಿಯುತ್ತದೆ. ಮೇಲಿಂದ ತೊಳೆದು ಮಾರುವವರು ವೈರ್ ಕನೆಕ್ಟರ್ ಒಳಗೆ ತೊಳೆಯುವುದಿಲ್ಲ. ಎರಡು ಕನೆಕ್ಟರ್ ಬಿಚ್ಚಿ ನೋಡಿ, ಮಣ್ಣು ಇದ್ದರೆ ಅಲ್ಲೇ ಸಿಗುತ್ತದೆ.

ಮುಧೋಳ ಬೇಟೆಗಾರ
ಈ ಎಂಜಿನ್ ಗೋವಾದ್ದು ಅಲ್ವಾ, ಅಲ್ಲಿ ನಮ್ಮ ಹೊಳೆ ಎಲ್ಲಿಂದ ಬರಬೇಕು?

ಜಮಖಂಡಿ ಜಟ್ಟಿ
ಎಂಜಿನ್‌ಗೆ ಕಾಲಿಲ್ಲ, ಟೆಂಪೋ ಇದೆ. ಇಲ್ಲಿ ಮುಳುಗಿದ್ದು ಅಲ್ಲಿ ಮಾರುತ್ತಾರೆ, ಅಲ್ಲಿ ಸವೆದದ್ದು ಇಲ್ಲಿಗೆ ಬರುತ್ತದೆ.

ಕಾರವಾರದಲ್ಲಿ ಇಂಡಿಯವ
ನಾನು ಇಂಡಿ ತಾಲೂಕಿನವನು, ಕೆಲಸ ಕರಾವಳಿಯಲ್ಲಿ. ಎರಡು ಮಾತು. ಗೋವಾದಲ್ಲಿ ಎಂಜಿನ್ ಏನು ಮಾಡುತ್ತಿತ್ತು ಅಂತ ಕೇಳಿ. ಮೀನಿಗೋ, ಪ್ರವಾಸಿಗರಿಗೋ? ಬೀಚಿನಲ್ಲಿ ಬನಾನಾ ರೈಡ್ ಅಂತ ಗಾಳಿ ತುಂಬಿದ ತೆಪ್ಪದಲ್ಲಿ ಪ್ರವಾಸಿಗರನ್ನು ಕೂರಿಸಿ ಎಳೆಯುವ ದೋಣಿ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಬೆಳಿಗ್ಗೆಯಿಂದ ಸಂಜೆ ನೀರಲ್ಲೇ. ದಿನಕ್ಕೆ ಐದು ತಾಸು ಹಿಡಿದರೂ ಎಂಟು ತಿಂಗಳಿಗೆ 1200 ತಾಸು. ಅದೂ ಎಳೆ, ನಿಲ್ಲಿಸು, ಎಳೆ, ನಿಲ್ಲಿಸು. 200 ತಾಸು ಅನ್ನುವುದು ಅವರಿಗೆ ನಲವತ್ತು ದಿನ.

ಎರಡನೆಯದು ಸೀಮೆಎಣ್ಣೆ. ಕರಾವಳಿ ನಾಡದೋಣಿಗಳಲ್ಲಿ ಸೀಮೆಎಣ್ಣೆಗೇ ಮಾಡಿದ ಎಂಜಿನ್‌ಗಳಿವೆ, ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ ಆಮೇಲೆ ಸೀಮೆಎಣ್ಣೆಗೆ ಹೋಗುತ್ತವೆ. ಅವು ಸರಿ. ಪೆಟ್ರೋಲ್ ಎಂಜಿನ್‌ಗೆ ಸೀಮೆಎಣ್ಣೆ ಬೆರೆಸಿ ಓಡಿಸಿದ್ದರೆ ಮಾತ್ರ ಕಷ್ಟ. ಪ್ಲಗ್ ಮೇಲೆ, ಎಕ್ಸಾಸ್ಟ್‌ನಲ್ಲಿ ದಪ್ಪ ಕರಿ ಇರುತ್ತದೆ. ಟ್ಯಾಂಕ್ ಮುಚ್ಚಳ ತೆಗೆದು ಮೂಸಿ ನೋಡಿ.

ಇನ್ನೊಂದು ನೆನಪಾಯಿತು. ಎಂಜಿನ್ ಕೆಳಭಾಗದಲ್ಲಿ ಸತುವಿನ ಆನೋಡ್ ಇರುತ್ತದೆ. ಉಪ್ಪುನೀರು ಎಂಜಿನ್ನಿನ ಅಲ್ಯೂಮಿನಿಯಂ ಬಿಟ್ಟು ಮೊದಲು ಅದನ್ನು ತಿನ್ನಲಿ ಅಂತ ಇಟ್ಟಿರುವ ತುಂಡು. ಅರ್ಧ ಸವೆದಿದ್ದರೆ ಕೆಲಸ ಮಾಡುತ್ತಿದೆ. ಅದರ ಮೇಲೂ ಬಣ್ಣ ಬಳಿದಿದ್ದರೆ ಮಾರುವವನಿಗೆ ಎಂಜಿನ್ ಬಗ್ಗೆ ಏನೂ ಗೊತ್ತಿಲ್ಲ.

ಕುಂದಾಪ್ರಿಯ, ಬೆಳಗಾವಿ
ಸೀಸನ್ ಬಗ್ಗೆ ಹೇಳಿದಿರಲ್ಲ, ಬೆಲೆಗೂ ಅದು ಮುಖ್ಯ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆವಾಗ ಚೌಕಾಸಿ ಮಾಡಿದರೆ ಬೆಲೆ ಇಳಿಯಬಹುದು.

ಬೆಲ್ಲದ ಗಾಣ, ಮುಧೋಳ
ಮಾರುವವರಿಗೆ ಸುಮ್ನೆ ಒಂದು ಪ್ರಶ್ನೆ ಕೇಳಿ: "ಆಯಿಲ್ ಯಾವುದು ಹಾಕುತ್ತೀರಿ, ಎಷ್ಟು?" ಔಟ್‌ಬೋರ್ಡ್‌ಗೆ ಟಿಸಿ-ಡಬ್ಲ್ಯೂ3 ಅಂತ ಬೇರೆ ಆಯಿಲ್ ಇದೆ. ಪೆಟ್ರೋಲ್‌ಗೆ ಬೆರೆಸುವುದು 50ಕ್ಕೆ 1, ಅಂದರೆ ಲೀಟರ್‌ಗೆ 20 ಎಂಎಲ್. ಥಟ್ ಅಂತ ಉತ್ತರ ಬಂದರೆ ಎಂಜಿನ್ ನೋಡಿಕೊಂಡಿದ್ದಾರೆ. "ಹುಡುಗ ಹಾಕುತ್ತಾನೆ, ನನಗೆ ಗೊತ್ತಿಲ್ಲ" ಅಂದರೆ ಆ ಹುಡುಗನನ್ನೇ ಹುಡುಕಿ ಮಾತಾಡಿಸಿ.

ಟೂ ಸ್ಟ್ರೋಕ್ ಮಾಮಾ, ಬಾಗಲಕೋಟೆ
ಇದು ಚಿನ್ನದಂಥ ಮಾತು. ಜೊತೆಗೆ ಪೆಟ್ರೋಲ್ ಎಷ್ಟು ದಿನ ಟ್ಯಾಂಕಿನಲ್ಲಿ ನಿಂತಿತ್ತು ಅಂತಲೂ ಕೇಳಿ. ಈಗ ಪಂಪಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ದೋಣಿ ತಿಂಗಳುಗಟ್ಟಲೆ ನಿಂತರೆ ನೀರು, ಎಥನಾಲ್ ಒಂದಾಗಿ ತಳಕ್ಕೆ ಇಳಿಯುತ್ತವೆ. ಆಯಿಲ್ ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುತ್ತದೆ. ಪೈಪು ಹೀರುವುದು ತಳದಿಂದ! ಹಳೆ ರಬ್ಬರ್ ಪೈಪೂ ಮೆತ್ತಗಾಗುತ್ತದೆ. ನಮ್ಮ ಕಬ್ಬೇ ನಮ್ಮ ಕಾರ್ಬ್ಯುರೇಟರ್ ತಿನ್ನುತ್ತಿದೆ.

ಬೆಲ್ಲದ ಗಾಣ, ಮುಧೋಳ
ಮಾಮಾ, ಕಬ್ಬಿಗೆ ಯಾಕೆ ಬೈಯುತ್ತೀರಿ? ಎಥನಾಲ್ ಇರುವುದರಿಂದ ಕಾರ್ಖಾನೆ ಕೈಯಲ್ಲಿ ನಾಲ್ಕು ಕಾಸು ಆಡುತ್ತಿದೆ. ನಮ್ಮ ಬಿಲ್ ಬರುವುದೇ ತಡ, ಅದನ್ನೂ ನಿಲ್ಲಿಸಬೇಕಾ?

ಟೂ ಸ್ಟ್ರೋಕ್ ಮಾಮಾ, ಬಾಗಲಕೋಟೆ
ನನ್ನದೂ ಎರಡು ಎಕರೆ ಕಬ್ಬಿದೆ ಮಾರಾಯ. ಬೈದಿದ್ದಲ್ಲ. ದೋಣಿ ನಿಲ್ಲಿಸುವಾಗ ಕಾರ್ಬ್ಯುರೇಟರ್ ಖಾಲಿ ಮಾಡಿ ಅಂತ ಹೇಳಿದ್ದು.

ಗುಮ್ಮಟದ ನೆರಳು, ವಿಜಯಪುರ
ಕಬ್ಬಿನ ಬಿಲ್ ಚರ್ಚೆ ಇಲ್ಲಿ ಶುರುವಾದರೆ ಮುಂದಿನ ಹಂಗಾಮಿನವರೆಗೆ ಮುಗಿಯುವುದಿಲ್ಲ. ಎಂಜಿನ್‌ಗೆ ಬನ್ನಿ.

ಕಾಗದದ ಹುಲಿ, ಬಾಗಲಕೋಟೆ
ಕಾಗದ ಪತ್ರದ ಬಗ್ಗೆ ಯಾರೂ ಮಾತಾಡಲಿಲ್ಲ. ಎಂಜಿನ್ ದೋಣಿಗೆ ಕಟ್ಟುವ ಬ್ರಾಕೆಟ್ ಮೇಲೆ ಸೀರಿಯಲ್ ನಂಬರ್ ಪಟ್ಟಿ ಇರುತ್ತದೆ. ಪಟ್ಟಿ ಕಿತ್ತಿದ್ದರೆ, ರಿವೆಟ್ ಹೊಸದಾಗಿದ್ದರೆ, ನಂಬರ್ ಕೆರೆದಿದ್ದರೆ ಕಳ್ಳಮಾಲು ಇರಬಹುದು. ಬಹಳ ಎಂಜಿನ್‌ಗಳಲ್ಲಿ ಬ್ಲಾಕ್ ಮೇಲೆ ಒಂದು ದುಂಡು ಲೋಹದ ಬಿಲ್ಲೆಯಲ್ಲೂ ಅದೇ ನಂಬರ್ ಇರುತ್ತದೆ. ಎರಡೂ ಒಂದೇ ಇರಬೇಕು. ಬೇರೆ ಇದ್ದರೆ ಎರಡು ಎಂಜಿನ್ ಸೇರಿಸಿ ಒಂದು ಮಾಡಿದ್ದಾರೆ. ಮೊದಲು ಕೊಂಡಾಗಿನ ಬಿಲ್ ಕೇಳಿ. ಅದರಲ್ಲಿ ತಾರೀಖು, ನಂಬರ್ ಇದ್ದರೆ ವಯಸ್ಸಾದರೂ ಗೊತ್ತಾಗುತ್ತದೆ. ನಂಬರ್ ಇಟ್ಟುಕೊಂಡು ಆ ಡೀಲರ್‌ಗೆ ಫೋನ್ ಮಾಡಿದರೆ ಸರ್ವಿಸ್‌ಗೆ ಬಂದಿತ್ತಾ ಅಂತ ಹೇಳುತ್ತಾರೆ.

ಇಲ್ಲಿಗೆ ತಂದ ಮೇಲೆ ಎಂಜಿನ್ ದೋಣಿಗೆ ನೋಂದಣಿ ಬೇಕು. 1917ರ ಹಳೆ ಕಾಯ್ದೆ ಹೋಗಿ ಒಳನಾಡು ಹಡಗುಗಳ ಕಾಯ್ದೆ 2021 ಬಂದಿದೆ. ನಮ್ಮ ರಾಜ್ಯದಲ್ಲಿ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ ಇದೆ, ಅಲ್ಲಿ ಮೊದಲೇ ವಿಚಾರಿಸಿ. ಆಳುಗಳನ್ನು ಕೂರಿಸಿಕೊಂಡು ಹೋಗುತ್ತೇನೆ ಅಂದಿರಲ್ಲ, ಹಾಗಾದರೆ ಇದನ್ನು ಬಿಡಲೇಬೇಡಿ.

ಮುಧೋಳ ಬೇಟೆಗಾರ
ನಮ್ಮ ಕಡೆ ಅಷ್ಟು ಹರಿಗೋಲು ಓಡುತ್ತವೆ, ಯಾರ ಹತ್ತಿರ ಏನಿದೆ?

ಕಾಗದದ ಹುಲಿ, ಬಾಗಲಕೋಟೆ
ಹರಿಗೋಲಿಗೆ 25 ಎಚ್‌ಪಿ ಇಲ್ಲ ಸಾರ್.

ಹಕ್ಕಿ ನೋಡುವವಳು, ಬಾಗಲಕೋಟೆ
ಬೀಳಗಿಯವರೇ, ಒಂದು ವಿನಂತಿ. ಬೇಸಿಗೆಯಲ್ಲಿ ಹೆರಕಲ್ ಕಡೆ ಕೆಸರಿಗೆ ರಾಜಹಂಸಗಳು ಇಳಿಯುತ್ತವೆ. ಫ್ಲೆಮಿಂಗೊ ಅಂತಾರಲ್ಲ, ಅವು. ಅಲ್ಲಿ ಎಂಜಿನ್ ನಿಲ್ಲಿಸಿ ದೂರದಿಂದ ಹೋಗಿ. ಟೂ ಸ್ಟ್ರೋಕ್ ಸದ್ದಿಗೆ ಇಡೀ ಹಿಂಡು ಎದ್ದುಬಿಡುತ್ತದೆ.

ಕೊಲ್ಹಾರ ಕಟ್ಟೆ
ಮೊಸಳೆಗೂ ಸ್ವಲ್ಪ ಹೇಳಿ ಅಕ್ಕಾ, ನಮ್ಮನ್ನು ದೂರದಿಂದ ನೋಡಲಿ.

ಘಟಪ್ರಭೆ ಗಾಳಿ, ಗೋಕಾಕ
ದೋಣಿ ಬಗ್ಗೆ ಒಂದು ಮಾತು. ಎಂಜಿನ್ ಕಟ್ಟುವ ಹಿಂಬದಿ ಹಲಗೆಯ ಒಳಗೆ ಪ್ಲೈವುಡ್ ಇರುತ್ತದೆ, ಮೇಲೆ ಮಾತ್ರ ಫೈಬರ್. ನೀರು ಸೇರಿದ್ದರೆ ಒಳಗೆ ಕೊಳೆತಿರುತ್ತದೆ. ನಾಣ್ಯದಿಂದ ಬಡಿದು ನೋಡಿ, ಟಕ್ ಟಕ್ ಅನ್ನಬೇಕು, ಡಬ್ ಅನ್ನಬಾರದು. ಎಂಜಿನ್ನಿನ ಕೆಳಭಾಗ ಹಿಡಿದು ಮೇಲೆ ಕೆಳಗೆ ಒತ್ತಿ. ಹಲಗೆ ಬಾಗಿದರೆ ಬೇಡ. ಹಲಗೆಯ ಎತ್ತರವನ್ನೂ ಅಳೆಯಿರಿ. ಶಾರ್ಟ್ ಶಾಫ್ಟ್ (ಗಿಡ್ಡ ಕಾಲಿನ) ಎಂಜಿನ್‌ಗೆ 15 ಇಂಚಿನ ಹಲಗೆ, ಲಾಂಗ್ ಶಾಫ್ಟ್‌ಗೆ 20. ನಾಳೆ ಬೇರೆ ಎಂಜಿನ್ ಹಾಕುವುದಾದರೆ ಬೇಕಾಗುತ್ತದೆ.

ಹಿನ್ನೀರು ಹುಡುಗ, ಬೀಳಗಿ
ಹೋಗಿ ಬಂದೆವು. ಚೋರ್ಲಾ ಘಾಟಿನಲ್ಲಿ ಕಾಕಾನ ಮಗ ಮೂರು ಸಲ ವಾಂತಿ ಮಾಡಿದ, ಅದು ಬಿಡಿ.

ಸ್ಟಾರ್ಟ್ ಮಾಡಬೇಡಿ ಅಂತ ಶನಿವಾರವೇ ಹೇಳಿದ್ದೆ. ಹೋಗಿ ಕೈ ಇಟ್ಟರೆ ಹೆಡ್ ಬೆಚ್ಚಗೆ! "ಬೆಳಿಗ್ಗೆ ಸ್ವಲ್ಪ ತಿರುಗಿಸಿ ನೋಡಿದೆ" ಅಂದರು. ಮಾಮಾನ ಮಾತು ನೆನಪಾಯಿತು. "ಊಟ ಮಾಡಿ ಬರುತ್ತೇವೆ, ಅಲ್ಲಿವರೆಗೆ ಮುಟ್ಟಬೇಡಿ" ಅಂತ ಹೇಳಿ, ಮುಚ್ಚಳ ನಾವೇ ಹಾಕಿ, ಎದುರಿನ ಹೋಟೆಲ್‌ನಲ್ಲಿ ಎಂಜಿನ್ ಕಾಣುವ ಹಾಗೆ ಕುಳಿತೆವು. ಎರಡೂವರೆ ತಾಸು. ಮೀನೂಟ ಚಲೋ ಇತ್ತು.

ತಣ್ಣಗಾದ ಮೇಲೆ ಹನ್ನೊಂದು ಎಳೆತಕ್ಕೆ ಸ್ಟಾರ್ಟ್ ಆಯಿತು. ಎಂಜಿನ್ ತಣ್ಣಗಿಡುವ ನೀರಿನ ಧಾರೆ ಬದಿಯ ತೂತಿನಿಂದ ಬರುತ್ತಿತ್ತು, ಆದರೆ ಸೊರಗಿದ ಹಾಗೆ. ಕಂಪ್ರೆಷನ್ ಮೇಲಿನದು 84, ಕೆಳಗಿನದು 118. ಗೇರ್ ಆಯಿಲ್ ಥೇಟ್ ನಮ್ಮ ಬಸ್ ಸ್ಟ್ಯಾಂಡ್ ಚಹಾ. ಸೀರಿಯಲ್ ನಂಬರ್ ಮಾತ್ರ ಎರಡೂ ಕಡೆ ಒಂದೇ, ಬಿಲ್ಲೂ ಇತ್ತು. ಕಳ್ಳಮಾಲಲ್ಲ.

ಆಯಿಲ್ ಪ್ರಶ್ನೆ ಕೇಳಿದೆ. "ಹುಡುಗ ಹಾಕುತ್ತಾನೆ" ಅಂದರು. ಹುಡುಗ ಅಲ್ಲೇ ಹಗ್ಗ ಸುತ್ತುತ್ತಿದ್ದ. ಮಾತಾಡಿಸಿದರೆ ನಮ್ಮ ಬಾದಾಮಿ ಕಡೆಯವನು! ಮೂರು ಸೀಸನ್ ಬನಾನಾ ರೈಡ್ ಎಳೆದಿದೆ ಅಣ್ಣಾ, ಹೋದ ವರ್ಷ ಒಮ್ಮೆ ಹೊಗೆ ಬಂದು ನಿಂತಿತ್ತು ಅಂದ. ಮಾಲೀಕರು ಕೇಳಿಸಿಕೊಳ್ಳಲಿಲ್ಲ, ದೇವರ ದಯೆ.

ಟೂ ಸ್ಟ್ರೋಕ್ ಮಾಮಾ, ಬಾಗಲಕೋಟೆ
84 ಮತ್ತು 118. ಮೇಲಿನ ಪಿಸ್ಟನ್ ಗೀರಿದೆ ಅಥವಾ ರಿಂಗ್ ಹಿಡಿದಿದೆ. ಕಾದ ಎಂಜಿನ್ನಿನ ಲಕ್ಷಣ ಅದು. ಬಿಟ್ಟು ಬಂದೆ ತಾನೆ?

ಹಿನ್ನೀರು ಹುಡುಗ, ಬೀಳಗಿ
ಎಂಜಿನ್ ಬಿಟ್ಟೆ, ದೋಣಿ ತಂದೆ. ಹಿಂಬದಿ ಹಲಗೆ ಟಕ್ ಟಕ್ ಅಂತು, ಎಲ್ಲೂ ಬಾಗಲಿಲ್ಲ. 70 ಸಾವಿರಕ್ಕೆ ಮುಗಿಯಿತು. ಹಲಗೆ ಎತ್ತರ 15 ಇಂಚು ಬಂತು, ಶಾರ್ಟ್ ಶಾಫ್ಟ್ ಬೇಕು. ಯಾರ ಹತ್ತಿರವಾದರೂ ಇದ್ದರೆ ಹೇಳಿ. ತಣ್ಣಗಿರಲಿ ಸಾಕು.

ಕಾರವಾರದಲ್ಲಿ ಇಂಡಿಯವ
ನನಗೆ ಗೊತ್ತಿರುವ ಒಬ್ಬರು ಮಳೆಗಾಲಕ್ಕೆ ಮುಂಚೆ ಒಂದು ಮಾರಬಹುದು, ಹೇಳುತ್ತೇನೆ. ತರುವಾಗ ಜೋಪಾನ. ಮೊದಲು ನೆಟ್ಟಗೆ ನಿಲ್ಲಿಸಿ ಒಳಗಿನ ನೀರು ಪೂರ್ತಿ ಇಳಿಸಿ. ಮಲಗಿಸಿದರೆ ಪ್ರೊಪೆಲ್ಲರ್ ಕಡೆ ತಗ್ಗಿರಲಿ, ಇಲ್ಲದಿದ್ದರೆ ಉಳಿದ ನೀರು ಸಿಲಿಂಡರ್‌ಗೆ ಹೋಗುತ್ತದೆ. ಫೋರ್ ಸ್ಟ್ರೋಕ್ ಆದರೆ ಕಂಪನಿ ಹೇಳಿದ ಬದಿಗೇ ಮಲಗಿಸಬೇಕು.

ಕೊಲ್ಹಾರ ಕಟ್ಟೆ
ದೋಣಿ ನೀರಿಗೆ ಇಳಿಸಿದಿರಾ?

ಹಿನ್ನೀರು ಹುಡುಗ, ಬೀಳಗಿ
ಇನ್ನೂ ಇಲ್ಲ. ಅಂಗಳದಲ್ಲಿದೆ. ಅಜ್ಜಿ ಅದರಲ್ಲಿ ಮೆಣಸಿನಕಾಯಿ ಒಣಹಾಕಿದ್ದಾಳೆ, ಮುಗಿಯುವವರೆಗೆ ಮುಟ್ಟಬೇಡ ಅಂದಿದ್ದಾಳೆ.

ಘಟಪ್ರಭೆ ಗಾಳಿ, ಗೋಕಾಕ
ಒಳ್ಳೇದಾಯಿತು, ಎಂಜಿನ್ ಹುಡುಕಲು ಟೈಮ್ ಸಿಕ್ಕಿತು. ಮೆಣಸಿನಕಾಯಿ ಬ್ಯಾಡಗಿಯಾ?